ವೃದ್ಧಾಶ್ರಮದಲ್ಲಿ ಆರೈಕೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ಬೆಂಗಳೂರಿನಲ್ಲಿ ನೆಲೆಸಿರುವ ಕೊಡಗಿನವರು): ಸಿಸ್ಟರ್, ನಮಸ್ಕಾರ. 81 ವರ್ಷದ ನಮ್ಮ ಅವ್ವನನ್ನು ನಾಲ್ಕು ತಿಂಗಳ ಹಿಂದೆ ಮಡಿಕೇರಿ ಸಮೀಪದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಸೇರುವಾಗ 52 ಕೆ.ಜಿ. ಇದ್ದವರು ಈಗ 48 ಕೆ.ಜಿ. ಆಗಿದ್ದಾರೆ. ಮುಂಗೈಯಲ್ಲಿ ನೀಲಿ ಕಲೆಗಳೂ ಇವೆ. ವಿಚಾರಿಸಿದರೆ ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ನಾವು ಹೋದಾಗಲೆಲ್ಲ ಅಂಗಳ ಗುಡಿಸಿರುತ್ತದೆ, ಅವ್ವ ತಲೆ ಬಾಚಿಸಿಕೊಂಡು ಜಗಲಿಯಲ್ಲಿ ಕುಳಿತಿರುತ್ತಾರೆ, ದೂರುವಂಥದ್ದು ಏನೂ ಕಾಣುವುದಿಲ್ಲ. ನನ್ನ ಅನುಮಾನ ಅತಿಯಾಯಿತೇ?

ಉತ್ತರ (ನಿವೃತ್ತ ಶುಶ್ರೂಷಾಧಿಕಾರಿ): ಅತಿಯಾಗಿಲ್ಲ. ನಾಲ್ಕು ಕೆ.ಜಿ. ಎಂದರೆ ಅವರ ತೂಕದ ಶೇ. 7ಕ್ಕಿಂತ ಹೆಚ್ಚು. ಹಿರಿಯರ ತೂಕವು ಒಂದು ತಿಂಗಳಲ್ಲಿ ಶೇ. 5ರಷ್ಟು ಅಥವಾ ಆರು ತಿಂಗಳಲ್ಲಿ ಶೇ. 10ರಷ್ಟು ತಾನಾಗಿ ಇಳಿದರೆ ಕಾರಣವನ್ನು ಹುಡುಕಲೇಬೇಕೆಂಬುದು ನಮ್ಮ ವೃತ್ತಿಯ ರೂಢಿಯ ಅಳತೆ. ನಿಮ್ಮ ತಾಯಿಯವರು ಆ ಅಳತೆಯತ್ತಲೇ ಸಾಗುತ್ತಿದ್ದಾರೆ. ‘ವಯಸ್ಸಾಯಿತು’ ಎಂಬ ಮಾತನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಅದನ್ನು ಹೇಳಿದವರು ಸಾಮಾನ್ಯವಾಗಿ ಬಾಯಿ ತೆರೆಸಿ ನೋಡಿರುವುದಿಲ್ಲ, ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ಗಮನಿಸಿರುವುದಿಲ್ಲ.

ಆದ್ದರಿಂದ ಮೊದಲು ಊಟದ ಹೊತ್ತಿಗೆ ಹೋಗಿ. ಹಲ್ಲಿನ ಸೆಟ್ ಸಡಿಲವಾಗಿದೆಯೇ, ನಾಲಗೆಯ ಮೇಲೆ ಬಿಳಿ ಪದರವಿದೆಯೇ, ನುಂಗುವಾಗ ಕೆಮ್ಮು ಬರುತ್ತದೆಯೇ ಎಂದು ನೋಡಿ. ನಿಧಾನವಾಗಿ ಉಣ್ಣುವ ಹಿರಿಯರಿಗೆ ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಟ್ಟರೆ ‘ಊಟ ಬೇಡವೆಂದರು’ ಎಂದು ಬರೆಯುವುದು ಸುಲಭ. ರಾತ್ರಿಯ ಊಟ ಆರೂವರೆಗೆ ಮುಗಿದು ಬೆಳಗಿನ ತಿಂಡಿ ಎಂಟೂವರೆಗೆ ಬರುವುದಾದರೆ ನಡುವೆ ಹದಿನಾಲ್ಕು ಗಂಟೆಗಳ ಉಪವಾಸವಾಯಿತು. ಮಲಗುವ ಮುನ್ನ ಒಂದು ಲೋಟ ಹಾಲನ್ನೋ ಗಂಜಿಯನ್ನೋ ಕೇಳಿ ಕೊಡಿಸಿ. ಜೀವಮಾನವಿಡೀ ಅಕ್ಕಿರೊಟ್ಟಿ, ಕಡಂಬಿಟ್ಟು (ಅಕ್ಕಿತರಿಯ ಉಂಡೆ ಕಡುಬು), ನೂಪುಟ್ಟು (ಅಕ್ಕಿಯ ಒತ್ತುಶ್ಯಾವಿಗೆ) ತಿಂದವರಿಗೆ ದಿನವೂ ಒಂದೇ ಬಗೆಯ ತೆಳು ಸಾರು ಅನ್ನ ಹಿಡಿಸದಿರುವುದೂ ಉಂಟು. ಅದನ್ನು ಹಟವೆಂದು ಬಗೆಯಬಾರದು. ಜೊತೆಗೆ ವೈದ್ಯರಲ್ಲಿ ಥೈರಾಯ್ಡ್, ಸಕ್ಕರೆ, ಖಿನ್ನತೆ ಮತ್ತು ಈಗ ಸೇವಿಸುತ್ತಿರುವ ಮಾತ್ರೆಗಳ ಪರಿಶೀಲನೆ ಆಗಲಿ.

ಕಲೆಗಳ ವಿಷಯದಲ್ಲಿ ಆತುರಪಡಬೇಡಿ. ಈ ವಯಸ್ಸಿನಲ್ಲಿ ಮುಂಗೈಯ ಚರ್ಮ ಕಾಗದದಷ್ಟು ತೆಳುವಾಗಿರುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರಂತೂ ಬಾಗಿಲಿಗೆ ತಗುಲಿದರೂ ನೀಲಿಗಟ್ಟುತ್ತದೆ. ಆದರೆ ತೋಳಿನ ಒಳಭಾಗದಲ್ಲಿ ಬೆರಳಚ್ಚಿನಂತಹ ಗುರುತುಗಳು, ಎರಡೂ ಮಣಿಕಟ್ಟಿನ ಸುತ್ತ ಪಟ್ಟಿಯಂತಹ ಕಲೆ, ಎದೆ ಅಥವಾ ಕಿವಿಯ ಬಳಿ ಏಟಿನ ಗುರುತು ಇದ್ದರೆ ಪ್ರಶ್ನೆ ಬೇರೆಯಾಗುತ್ತದೆ. ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡು ಬೇರೊಬ್ಬ ವೈದ್ಯರಿಗೆ ತೋರಿಸಿ.

ಇನ್ನು ಆಶ್ರಮವನ್ನು ಅಳೆಯುವ ಮಾತು. ಗುಡಿಸಿದ ಅಂಗಳ ಹಗಲಿನ ಆರೈಕೆಯನ್ನಷ್ಟೇ ತೋರಿಸುತ್ತದೆ, ಅದೂ ಅತಿಥಿಗಳು ಬರುವ ಹೊತ್ತಿನದು. ಇಂತಹ ಮನೆಗಳ ಗುಣ ತಿಳಿಯುವುದು ರಾತ್ರಿಯ ಪಾಳಿಯಲ್ಲಿ ಮತ್ತು ರಿಜಿಸ್ಟರಿನಲ್ಲಿ. ವ್ಯವಸ್ಥಾಪಕರ ಬಳಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ಕೊನೆಯ ಬಾರಿ ಯಾರಾದರೂ ಬಿದ್ದದ್ದು ಯಾವಾಗ, ಆಮೇಲೆ ಏನನ್ನು ಬದಲಿಸಿದಿರಿ?’ ‘ನಮ್ಮಲ್ಲಿ ಯಾರೂ ಬಿದ್ದಿಲ್ಲ’ ಎಂಬ ಉತ್ತರ ಬಂದರೆ ನನಗೆ ಭಯವಾಗುತ್ತದೆ. ಇಪ್ಪತ್ತು ಮಂದಿ ಹಿರಿಯರಿರುವಲ್ಲಿ ಯಾರಾದರೂ ಬಿದ್ದೇ ಬೀಳುತ್ತಾರೆ. ಬರೆದಿಟ್ಟ ಮನೆಯಲ್ಲಿ ಎರಡನೆಯ ಸಲ ಬೀಳುವವರು ಕಡಿಮೆ. ‘ಹೋದ ತಿಂಗಳು ಒಬ್ಬರು ಶೌಚಾಲಯಕ್ಕೆ ಹೋಗುವಾಗ ಜಾರಿದರು, ಅಂದಿನಿಂದ ಅಲ್ಲೊಂದು ಹಿಡಿಕಂಬಿ ಹಾಕಿಸಿ ರಾತ್ರಿಯಿಡೀ ದೀಪ ಉರಿಸುತ್ತೇವೆ’ ಎನ್ನುವವರನ್ನು ನಂಬಬಹುದು.

ಮರುಪ್ರಶ್ನೆ (ಅವರದೇ): ರಾತ್ರಿ ಅವ್ವ ಎದ್ದು ಓಡಾಡುತ್ತಾರೆಂದು ನಿದ್ರೆಯ ಮಾತ್ರೆ ಕೊಡುತ್ತಾರಂತೆ, ಮಂಚದ ಎರಡೂ ಬದಿಗೆ ಕಂಬಿ ಏರಿಸುತ್ತಾರಂತೆ. ಸುರಕ್ಷತೆಗಾಗಿ ಎಂದು ಹೇಳಿದರು. ಇದು ಸರಿಯೇ?

ಉತ್ತರ: ಸುರಕ್ಷತೆ ಯಾರದೆಂದು ಕೇಳಬೇಕಾಗುತ್ತದೆ. ನಿದ್ರೆಯ ಮಾತ್ರೆ ಕುಡಿದು ಮಂಪರಿನಲ್ಲಿ ಏಳುವವರೇ ಹೆಚ್ಚು ಬೀಳುತ್ತಾರೆ. ಕಂಬಿ ಇದ್ದರೆ ಅದನ್ನು ದಾಟಲು ಹೋಗಿ ಇನ್ನಷ್ಟು ಎತ್ತರದಿಂದ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುವುದು ಹೀಗೆಯೇ. ಅವರು ಏಕೆ ಏಳುತ್ತಾರೆಂದು ಮೊದಲು ತಿಳಿಯಬೇಕು: ಮೂತ್ರಕ್ಕೆ, ನೋವಿಗೆ, ಚಳಿಗೆ, ಹಸಿವಿಗೆ. ಮಂಚವನ್ನು ತಗ್ಗಿಸಿ, ಮಲಗುವ ಮುನ್ನ ಮತ್ತು ನಡುರಾತ್ರಿಯಲ್ಲಿ ಒಮ್ಮೆ ಶೌಚಾಲಯಕ್ಕೆ ಕರೆದೊಯ್ದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತೇ ನಿಲ್ಲಬೇಕು, ಏಕೆಂದರೆ ಥಟ್ಟನೆ ನಿಂತರೆ ಬಿ.ಪಿ. ಕುಸಿದು ತಲೆ ಸುತ್ತುತ್ತದೆ. ಹಠಾತ್ತಾಗಿ ಗೊಂದಲ ಶುರುವಾಗಿದ್ದರೆ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆಯನ್ನೂ ಪರೀಕ್ಷಿಸಲಿ. ಆದರೆ ಮಾತ್ರೆಯನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಕೆಲವು ನಿದ್ರೆ ಮಾತ್ರೆಗಳನ್ನು ಹಂತಹಂತವಾಗಿಯೇ ಇಳಿಸಬೇಕು. ವೈದ್ಯರ ಲಿಖಿತ ಚೀಟಿ ಇಲ್ಲದೆ ಅದನ್ನು ಕೊಡುತ್ತಿದ್ದರೆ ಆ ವಿಷಯ ಅಂದೇ ಇತ್ಯರ್ಥವಾಗಬೇಕು.

ಇನ್ನೊಂದು ಮಾತು. ಮರೆವಿನ ಕಾಯಿಲೆ ಇರುವವರು ಕ್ರಮೇಣ ತಮ್ಮ ಬಾಲ್ಯದ ಭಾಷೆಗೆ ಮರಳುವುದುಂಟು. ನಮ್ಮ ಕೊಡಗು ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಎಲ್ಲವೂ ಮನೆಮಾತುಗಳೇ. ಒಬ್ಬ ಅಜ್ಜಿ ರಾತ್ರಿಯೆಲ್ಲ ಕೂಗುತ್ತಾರೆಂದು ನನ್ನನ್ನು ಒಮ್ಮೆ ಕರೆಸಿದ್ದರು; ಹೊರಜಿಲ್ಲೆಯ ಹುಡುಗಿಗೆ ಅರ್ಥವಾಗಿರಲಿಲ್ಲವಷ್ಟೇ, ಅವರು ಮೂತ್ರಕ್ಕೆ ಹೋಗಬೇಕೆನ್ನುತ್ತಿದ್ದರು. ನೋವು, ಹಸಿವು, ಚಳಿ, ಮೂತ್ರ ಇಂತಹ ಹತ್ತು ಪದಗಳನ್ನು ಅವ್ವನ ಮಾತಿನಲ್ಲಿ ಬರೆದು ಮಂಚದ ಬಳಿ ಅಂಟಿಸಿ ಬನ್ನಿ.

ಪ್ರಶ್ನೆ (ಸೋಮವಾರಪೇಟೆ ಕಡೆಯ ಆಶ್ರಮವೊಂದರಲ್ಲಿ ರಾತ್ರಿ ಪಾಳಿಯಲ್ಲಿರುವವರು): ಸಿಸ್ಟರ್, ನಾವು ಇಬ್ಬರೇ, ಹಿರಿಯರು 22 ಮಂದಿ. ಮಳೆಗಾಲದಲ್ಲಿ ವಿದ್ಯುತ್ ಎರಡು ಮೂರು ದಿನ ಬರುವುದಿಲ್ಲ. ಚಳಿಗೆ ಕೋಣೆಯಲ್ಲಿ ಕೆಂಡ ಇಡುತ್ತೇವೆ. ಇನ್ಸುಲಿನ್ ಕೆಟ್ಟೀತೆಂಬ ಹೆದರಿಕೆಯೂ ಇದೆ. ಏನು ಮಾಡಬೇಕು?

ಉತ್ತರ: ಕೆಂಡವನ್ನು ಇಂದೇ ಹೊರಗಿಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಕಾಲುಚೀಲ, ಉಣ್ಣೆಯ ಟೋಪಿ, ಎರಡು ಪದರ ಕಂಬಳಿ ಸಾಕು. ಬಿಸಿನೀರಿನ ಬ್ಯಾಗನ್ನು ಬಟ್ಟೆ ಸುತ್ತದೆ ಇಡಬೇಡಿ, ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಇಡಲೇಬೇಡಿ. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಸ್ನಾನದ ನೀರನ್ನು ನಿಮ್ಮ ಮೊಣಕೈ ಅದ್ದಿ ನೋಡಿದ ಮೇಲೆಯೇ ಹಾಕಿ, ಏಕೆಂದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಯಾರಾದರೂ ಮಂಕಾಗಿ, ಹೊಟ್ಟೆಯ ಚರ್ಮವೂ ತಣ್ಣಗಿದ್ದರೆ ಜ್ವರಮಾಪಕ ಇಡಿ. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಅದು ಆಸ್ಪತ್ರೆಯ ವಿಷಯ.

ಇನ್ಸುಲಿನ್ ಬಗ್ಗೆ ಅಷ್ಟು ಗಾಬರಿ ಬೇಡ. ತೆರೆಯದ ಸೀಸೆಗಳಿಗೆ 2ರಿಂದ 8 ಡಿಗ್ರಿ ಬೇಕು ನಿಜ, ಆದರೆ ಬಳಕೆಯಲ್ಲಿರುವ ಹೆಚ್ಚಿನ ಇನ್ಸುಲಿನ್‌ಗಳು ಸಾಧಾರಣ ಕೋಣೆಯ ಉಷ್ಣಾಂಶದಲ್ಲಿ ಸುಮಾರು 28 ದಿನ ಉಳಿಯುತ್ತವೆ, ನಮ್ಮ ಮಳೆಗಾಲದ ಕೋಣೆಗಳಂತೂ ತಂಪಾಗಿಯೇ ಇರುತ್ತವೆ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆಯಿರಿ. ಆಮ್ಲಜನಕದ ಯಂತ್ರದ ಮೇಲಿರುವವರಿಗೆ ಮಾತ್ರ ತುಂಬಿದ ಸಿಲಿಂಡರ್ ಸದಾ ಸಿದ್ಧವಿರಲಿ.

ಮಂಚ ಬಿಟ್ಟು ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಬುಡ, ಸೊಂಟದ ಬದಿ, ಹಿಮ್ಮಡಿಗಳಲ್ಲಿ ಬೆರಳೊತ್ತಿದರೂ ಮಾಯವಾಗದ ಕೆಂಪು ಕಂಡರೆ ಹುಣ್ಣು ಆರಂಭವಾಯಿತೆಂದೇ ತಿಳಿಯಿರಿ. ಮಳೆಗಾಲದಲ್ಲಿ ಒಣಗದ ಬಟ್ಟೆ ಅದನ್ನು ಬೇಗ ಕೆಡಿಸುತ್ತದೆ. ಇಬ್ಬರಿಂದ 22 ಜನರಿಗೆ ಇದೆಲ್ಲ ಆಗುವುದು ಕಷ್ಟ. ಯಾವ ಕೆಲಸ ಆಗಲಿಲ್ಲವೋ ಅದನ್ನೂ ಪಾಳಿಯ ಪುಸ್ತಕದಲ್ಲಿ ಬರೆಯಿರಿ. ಮಾಡದಿದ್ದುದನ್ನು ‘ಮಾಡಲಾಯಿತು’ ಎಂದು ಬರೆದರೆ ನಾಳೆ ಹೊಣೆ ನಿಮ್ಮ ತಲೆಗೇ ಬರುತ್ತದೆ, ಆಡಳಿತಕ್ಕೆ ಜನ ಸಾಲದೆಂಬುದು ಎಂದಿಗೂ ತಿಳಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡವರು ನಾವು: ಯಾರು ನಡೆಯಬಲ್ಲರು, ಯಾರನ್ನು ಹೊರಬೇಕು ಎಂಬ ಪಟ್ಟಿ ಮತ್ತು ಒಂದು ವಾರದ ಔಷಧದ ಚೀಲ ಬಾಗಿಲ ಬಳಿಯೇ ಇರಲಿ. ರಾತ್ರಿ ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಕೂಡದು.

ಪ್ರಶ್ನೆ (ಗೋಣಿಕೊಪ್ಪಲಿನವರು): ಮಾತಿನಲ್ಲಿ ಸರಿಹೋಗದಿದ್ದರೆ ದೂರು ಎಲ್ಲಿ ಕೊಡಬೇಕು? ದೂರಿದರೆ ನಮ್ಮವರ ಮೇಲೆ ಸೇಡು ತೀರಿಸಿಕೊಂಡರೆ?

ಉತ್ತರ: ಮೊದಲು ವ್ಯವಸ್ಥಾಪಕರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಮೇಲೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಇದೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಹೊಡೆತ, ಕಟ್ಟಿಹಾಕುವುದು ನಡೆದಿದ್ದರೆ ನೇರವಾಗಿ ತುರ್ತು ಸಂಖ್ಯೆ 112. ಉಪವಿಭಾಗಾಧಿಕಾರಿಯವರ ಮುಂದಿರುವ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿನ 2007ರ ಕಾಯ್ದೆಯ ನ್ಯಾಯಮಂಡಳಿಯು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಮತ್ತು ಆಸ್ತಿಯ ತಕರಾರುಗಳಿಗಾಗಿ ಇದೆ. ಆಶ್ರಮದ ಊಟದ ದೂರನ್ನು ಅಲ್ಲಿಗೆ ಒಯ್ದು ದಿನ ಕಳೆಯಬೇಡಿ. ಸೇಡಿನ ಭಯ ಸುಳ್ಳಲ್ಲ. ಅದಕ್ಕೆ ನಾನು ಕಂಡ ಮದ್ದೆಂದರೆ, ಬೇರೆ ಬೇರೆ ಹೊತ್ತಿನಲ್ಲಿ, ಹೇಳದೆ, ಮನೆಯ ಬೇರೆ ಬೇರೆಯವರು ಹೋಗಿ ಬರುವುದು. ಅದಕ್ಕೆ ಒಪ್ಪದ ಆಶ್ರಮದಿಂದ ನಿಮ್ಮವರನ್ನು ಬಿಡಿಸಿಕೊಳ್ಳುವ ಏರ್ಪಾಡನ್ನು ಆಗಲೇ ಆರಂಭಿಸಿ.

ಮರುಪ್ರಶ್ನೆ (ಮೊದಲಿನವರು): ಸಿಸ್ಟರ್, ನಿನ್ನೆ ಮಧ್ಯಾಹ್ನ ಹೇಳದೆ ಹೋಗಿದ್ದೆ. ಅವ್ವನ ಮೇಲಿನ ಹಲ್ಲಿನ ಸೆಟ್ ಕಳೆದು ಎರಡು ತಿಂಗಳಾಗಿದೆಯಂತೆ. ಯಾರೂ ಬರೆದಿಟ್ಟಿಲ್ಲ, ನಮಗೂ ಹೇಳಿಲ್ಲ. ನೀವು ಹೇಳಿದ ಪ್ರಶ್ನೆಯನ್ನೂ ಕೇಳಿದೆ, ವ್ಯವಸ್ಥಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಪುಸ್ತಕ ತರಿಸಿದರು.

ಉತ್ತರ: ಪುಸ್ತಕ ತರಿಸಿದರೆಂದರೆ ಮಾತಾಡಲು ದಾರಿ ಇದೆ. ಹೊಸ ಸೆಟ್ ಬರುವವರೆಗೆ ಮೆತ್ತಗಿನ ಆಹಾರ ಕೊಡಲಿ: ಹಿಸುಕಿದ ನೂಪುಟ್ಟು, ಮೊಟ್ಟೆ, ಬೇಳೆ, ತುಪ್ಪ ಹಾಕಿದ ಗಂಜಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿಗೆ ತೂಗಿ ಅಂಕಿಯನ್ನು ನಿಮಗೆ ಕಳುಹಿಸುವಂತೆ ಬರಹದಲ್ಲೇ ಒಪ್ಪಿಸಿಕೊಳ್ಳಿ. ಹೊಸ ಸೆಟ್ ಮಾಡಿಸುವಾಗ ಅದರೊಳಗೆ ಅವ್ವನ ಹೆಸರು ಬರೆಸಲು ದಂತವೈದ್ಯರಿಗೆ ಹೇಳಿ. ಅದು ಕಳೆಯುವುದು ಹೆಚ್ಚಾಗಿ ಊಟದ ತಟ್ಟೆಯೊಂದಿಗೆ ಅಥವಾ ಒಗೆಯುವ ಹಾಸಿಗೆಯ ಬಟ್ಟೆಯೊಂದಿಗೆ.