ಅಪ್‌ಡೇಟ್: ಡೈರೆಕ್ಟ್‌ಎಕ್ಸ್ 12ರಲ್ಲಿ ಗೇಮ್ ತಡವರಿಸುವುದು ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಡೈರೆಕ್ಟ್‌ಎಕ್ಸನ್ನು (ಗೇಮ್ ಮತ್ತು ಗ್ರಾಫಿಕ್ಸ್ ಕಾರ್ಡ್ ನಡುವಿನ ವಿಂಡೋಸ್ ಸಾಫ್ಟ್‌ವೇರ್) 12ನೇ ಆವೃತ್ತಿಗೆ ಹಾಕಿದರೆ ಗೇಮ್‌ನಲ್ಲಿ ಹೊಸ ಜಾಗಕ್ಕೆ ಹೋದಾಗಲೆಲ್ಲ ಒಂದು ಕ್ಷಣ ನಿಂತುಬಿಡುತ್ತದೆ, 11ರಲ್ಲಿ ಹಾಗಿಲ್ಲ, ಎಂತಕ್ಕೆ ಅಂತ. ಶೇಡರ್ (ಚಿತ್ರದ ಬೆಳಕು, ಬಣ್ಣ ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಂ) ಕಾರಣ ಅಂದವರು ಹೇಳಿದ್ದೇ ಸರಿ ಮಾರಾಯ್ರೆ. 11ರಲ್ಲಿ ಡ್ರೈವರ್ (ಗ್ರಾಫಿಕ್ಸ್ ಕಾರ್ಡ್ ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತಿದ್ದ ಎಷ್ಟೋ ಕೆಲಸ 12ರಲ್ಲಿ ಗೇಮ್‌ನ ತಲೆಗೇ ಬೀಳುತ್ತದೆ. ಶೇಡರ್‌ಗಳು ಮೊದಲೇ ಕಂಪೈಲ್ ಆಗದಿದ್ದರೆ, ಅಂದರೆ ಕಾರ್ಡ್‌ಗೆ ಅರ್ಥವಾಗುವ ರೂಪಕ್ಕೆ ಬದಲಾಗದಿದ್ದರೆ, ಅದು ಆಟದ ನಡುವೆಯೇ ಆಗಬೇಕು, ಆಗಲೇ ಗೇಮ್ ನಿಲ್ಲುವುದು. ನಾನು ಡ್ರೈವರ್ ಬದಲಿಸಿದಾಗ ಹಳೆ ಕ್ಯಾಶ್ (ಮೊದಲೇ ಕಂಪೈಲ್ ಆಗಿ ಉಳಿಸಿಟ್ಟ ಶೇಡರ್‌ಗಳು) ಹೋಗಿತ್ತು. ನಿನ್ನೆ ಗೇಮ್‌ನ ಮೆನುವಿನಲ್ಲಿ ಶೇಡರ್ ಕೆಲಸ ಪೂರ್ತಿ ಮುಗಿಯುವವರೆಗೆ 20 ನಿಮಿಷ ಕಾದೆ. ಆಮೇಲೆ ಗೇಮ್‌ನಲ್ಲಿ ಮೊದಲು ತಡವರಿಸುತ್ತಿದ್ದ ಬೀದಿಯಲ್ಲಿ ಒಂದು ಸಲವೂ ತಡವರಿಸಲಿಲ್ಲ!

ಚಿತ್ರ ಮಾತ್ರ ನನಗೆ ಎರಡರಲ್ಲೂ ಒಂದೇ; ವ್ಯತ್ಯಾಸ ಕಂಡದ್ದು 12ರಲ್ಲಿ ರೇ ಟ್ರೇಸಿಂಗ್ (ಬೆಳಕು ಸಾಗುವ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ) ಹಾಕಿದಾಗ, ನೀರಿನ ಪ್ರತಿಬಿಂಬದಲ್ಲಿ. ಅಣ್ಣನ ಹಳೆ 4 ಜಿಬಿ ಗ್ರಾಫಿಕ್ಸ್ ಕಾರ್ಡ್‌ಗೆ 11ನ್ನೇ ಇಟ್ಟಿದ್ದೇನೆ, ಅಲ್ಲಿ ಅದೇ ಹಗುರ ಉಂಟು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.