ಸಹಾಯ ಬೇಕು: ಬೇರೆ ದೇಶಗಳ ವೀರರ ಕಥೆ ಕನ್ನಡದಲ್ಲಿ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ಮಾಲಿ ದೇಶದ ಸುಂಡಿಯಾಟ, ಮಧ್ಯ ಏಷ್ಯಾದ ಕಿರ್ಗಿಜ್ ಜನರ ಮನಾಸ್, ಈ ಎರಡು ಕಥೆ ಕನ್ನಡದಲ್ಲಿ ಬೇಕು. ಹಾಸನದಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಭಾನುವಾರ ಕಥೆ ಹೇಳ್ತೀನಿ. ಹಳೇಬೀಡಿನ ಗೋಡೆಯಲ್ಲಿ ಸುರುಳಿಸುರುಳಿಯಾಗಿ ಕೆತ್ತಿರೋ ಚಕ್ರವ್ಯೂಹ ನೋಡಿದ ಮೇಲೆ, "ಆಂಟಿ, ಬೇರೆ ದೇಶದವರಿಗೂ ಅಭಿಮನ್ಯು ಥರದವರು ಇದ್ದಾರಾ?" ಅಂತ ಒಂದೇ ಸಮನೆ ಕೇಳ್ತಿದ್ದಾರೆ.

ಗಿಲ್ಗಮೆಶ್ ಕಥೆ ಹೇಳಿದ್ದಾಯ್ತು. ಗೆಳೆಯ ಎಂಕಿಡು ಸತ್ತ ಮೇಲೆ ಸಾವಿಗೇ ಮದ್ದು ಹುಡುಕಿ ಹೊರಟ, ಈಗಿನ ಇರಾಕ್‌ನಲ್ಲಿದ್ದ ಉರುಕ್ ನಗರದ ರಾಜ. ನೀರಿನ ತಳಕ್ಕಿಳಿದು, ಮತ್ತೆ ಯೌವನ ಕೊಡೋ ಗಿಡ ಕಿತ್ತು ತರ್ತಾನೆ. ದಾರಿಯಲ್ಲಿ ಸ್ನಾನಕ್ಕಿಳಿದಾಗ ಹಾವು ಬಂದು ಅದನ್ನ ಎತ್ಕೊಂಡು ಹೋಗುತ್ತೆ. ಒಂದು ಮಗುವೂ ಪಿಟಕ್ಕೆನ್ನಲಿಲ್ಲ.

ನಡೆಯೋಕೇ ಆಗದ ಹುಡುಗ ಸುಂಡಿಯಾಟ ಕಬ್ಬಿಣದ ಸಲಾಕೆ ಊರಿ ಎದ್ದು ನಿಂತು, 13ನೇ ಶತಮಾನದಲ್ಲಿ ಸಾಮ್ರಾಜ್ಯ ಕಟ್ಟಿದ ಕಥೆ ಗ್ರಿಯೋ ಅನ್ನೋ ಗಾಯಕರ ಬಾಯಿಂದ ಬಾಯಿಗೆ ಬಂದಿದ್ದು. ಅದಕ್ಕೇ ಬರೀ ಸಾರಾಂಶ ಸಾಲದು, ಗಟ್ಟಿಯಾಗಿ ಓದಿ ಹೇಳೋಹಾಗಿರಬೇಕು.

ಪುಸ್ತಕ, ಹಳೇ ಪತ್ರಿಕೆ ಏನೇ ಇದ್ರೂ ದಯವಿಟ್ಟು ತಿಳಿಸಿ. ಬೇಲೂರು, ಅರಸೀಕೆರೆ ಕಡೆಯಾದ್ರೆ ನಾನೇ ಬಂದು ತಗೊಂಡು, ಜೆರಾಕ್ಸ್ ಮಾಡಿಸಿ ವಾಪಸ್ ಕೊಡ್ತೀನಿ. ಅನುವಾದ ಮಾಡಿಕೊಡೋರಿದ್ರೆ ಇನ್ನೂ ಸಂತೋಷ.