ಕುರುಡಿ ಮೀನಿನ ಮೇವಿಗೆ ಕಾಫಿ ಪುಡಿ ಕಲಸಬಹುದೇ?

ಗಜನಿಯವ, ಕುಮಟಾ:
ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಹೊಂಡದಲ್ಲಿ ಕುರುಡಿ ಬಿಟ್ಟಿದ್ದೇನೆ; ಪೇಟೆಯವರು ಸೀಬಾಸ್ ಎನ್ನುತ್ತಾರಲ್ಲ, ಅದೇ. ಕೆಲವು ಅರ್ಧ ಕೆಜಿ ತೂಗುತ್ತವೆ, ಕೆಲವು ಇನ್ನೂ ಅಂಗೈ ಅಗಲವೇ. ಮೇವು ಮಾರುವವನೊಬ್ಬ ಬಂದು, ಕೆಫೀನ್ ಕೊಟ್ಟರೆ ಹಸಿವು ಕೆರಳಿ ಮೀನು ಬೇಗ ಬೆಳೆಯುತ್ತದೆ ಎಂದ. ಡಬ್ಬಿಯ ಬೆಲೆ ಕೇಳಿ ನನ್ನ ಹಸಿವೇ ಇಂಗಿತು. ಶಿರಸಿಯ ಭಾವನ ತೋಟದಲ್ಲಿ ರೋಬಸ್ಟಾ ಕಾಫಿ ಬೇಕಾದಷ್ಟಿದೆ. ಕೆಜಿ ಮೇವಿಗೆ 100 ಗ್ರಾಂ ಪುಡಿ ಕಲಸಿದರೆ ಹೇಗೆ? ಕಾಫಿ ಹಣ್ಣಿನ ಸಿಪ್ಪೆಯೂ ರಾಶಿ ಬಿದ್ದಿದೆ.

ಕಾಳಿ ದಂಡೆ, ಕಾರವಾರ:
ಕಲಸಬೇಡಿ ಮಾರಾಯರೇ. ಮೊದಲು ಲೆಕ್ಕ ನೋಡಿ. ರೋಬಸ್ಟಾದಲ್ಲಿ ಕೆಫೀನ್ ಸುಮಾರು ಶೇಕಡಾ 2. ನಿಮ್ಮ 100 ಗ್ರಾಂ ಪುಡಿಯಲ್ಲಿ 2 ಗ್ರಾಂ ಆಯಿತು. ಅರ್ಧ ಕೆಜಿಯ ಮೀನು ದಿನಕ್ಕೆ 15 ಗ್ರಾಂ ಮೇವು ತಿಂದರೂ ಸುಮಾರು 30 ಮಿಲಿಗ್ರಾಂ ಕೆಫೀನ್ ಅದರ ಹೊಟ್ಟೆಗೆ. ತೂಕಕ್ಕೆ ತೂಕ ಹಿಡಿದರೆ 60 ಕೆಜಿಯ ಮನುಷ್ಯ ದಿನಕ್ಕೆ 3.6 ಗ್ರಾಂ ನುಂಗಿದ ಹಾಗೆ. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ಮೀನೂ ಮನುಷ್ಯನೂ ಒಂದೇ ಅಲ್ಲ, ಆದರೂ ಅಂದಾಜಿಗೆ ಇಷ್ಟು ಸಾಕು.

ಅದಕ್ಕಿಂತ ನನಗೆ ಹೆದರಿಕೆ ಬೆಳಗಿನ ಜಾವದ್ದು. ರಾತ್ರಿಯಿಡೀ ಪಾಚಿಯೂ ಮೀನೂ ಆಮ್ಲಜನಕ ಎಳೆದು, ಸೂರ್ಯ ಮೂಡುವ ಮೊದಲು ಹೊಂಡದಲ್ಲಿ ಅದು ತಳ ಕಂಡಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ನೀವೂ ಕಂಡಿರುತ್ತೀರಿ. ಉಸಿರಿಗೆ ಬರ ಬಂದಾಗ ದೇಹದ ಖರ್ಚು ತಗ್ಗಿಸಲು ನೆರವಾಗುವುದು ದೇಹದೊಳಗೇ ಇರುವ ಅಡೆನೊಸಿನ್ ಎಂಬ ರಾಸಾಯನಿಕ. ಕೆಫೀನ್ ತಡೆಯುವುದು ಅದರ ಕೆಲಸವನ್ನೇ. ಜೊತೆಗೆ ಮೀನನ್ನು ಚುರುಕುಗೊಳಿಸಿ ಓಡಾಡಿಸಿದರೆ ತಿಂದದ್ದು ಮಾಂಸಕ್ಕೆ ಹೋಗದೆ ಈಜಾಟಕ್ಕೆ ಹೋಗುತ್ತದೆ. ಮೇವಿನ ದುಡ್ಡು ನಿಮ್ಮದು.

ಸಿಪ್ಪೆಯಲ್ಲಿ ಕೆಫೀನ್ ಜೊತೆ ಟ್ಯಾನಿನ್ ಎಂಬ ಒಗರು, ನಾರು ಎಲ್ಲ ಇವೆ. ತಿಲಾಪಿಯಾ ಮೀನಿಗೆ ಹಾಕಿ ನೋಡಿದಾಗ ಪ್ರಮಾಣ ಏರಿದಂತೆ ಬೆಳವಣಿಗೆ ಇಳಿದಿದೆ. ಕುರುಡಿಯಂತೂ ಮೀನು ತಿನ್ನುವ ಮೀನು, ಅದರ ಮೇವಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ಪ್ರೋಟೀನ್ ಬೇಕು. ಸಿಪ್ಪೆ ಭಾವನ ಗೊಬ್ಬರ ಗುಂಡಿಗೇ ಇರಲಿ.

ಸಿಗಡಿ ಹೊಂಡ, ಅಂಕೋಲಾ:
ನಾವು ಸಿಗಡಿ ಬಿಡುವ ಮೊದಲು ಚಹಾ ಬೀಜದ ಹಿಂಡಿ ಹಾಕಿ ಕಳೆಮೀನು ಕೊಲ್ಲುತ್ತೇವೆ. ಅದೂ ಕೆಫೀನ್‌ನ ಪ್ರಭಾವವೇ?

ಕಾಳಿ ದಂಡೆ, ಕಾರವಾರ:
ಅಲ್ಲ, ಅದು ಸಪೋನಿನ್ ಎಂಬ ನೊರೆ ಬರುವ ವಸ್ತುವಿನದು. ಮೀನಿನ ಕಿವಿರಿಗೆ ಹೊಡೆತ, ಸಿಗಡಿ ತಡೆದುಕೊಳ್ಳುತ್ತದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಗಜನಿಯವ, ಕುಮಟಾ:
ಪುಡಿ ಬಿಟ್ಟೆ. ಹಾಗಾದರೆ ಅಂಗೈಯಗಲದವುಗಳಿಗೆ ಏನು ಮಾಡಲಿ?

ಕಾಳಿ ದಂಡೆ, ಕಾರವಾರ:
ಗಾತ್ರ ನೋಡಿ ಬೇರ್ಪಡಿಸಿ, ನಡುವೆ ಬಲೆ ಕಟ್ಟಿ. ಕುರುಡಿ ತನ್ನ ಅರ್ಧದಷ್ಟು ಉದ್ದದ ತಮ್ಮನನ್ನೂ ನುಂಗುತ್ತದೆ. ಮೇವು ಎರಚುವಾಗ ದೊಡ್ಡವು ಮುಂದೆ ನುಗ್ಗುತ್ತವೆ, ಸಣ್ಣವು ಹೆದರಿ ಅಂಚಿಗೆ ಸರಿಯುತ್ತವೆ. ಮೇವು ಅವಕ್ಕೆ ಮುಟ್ಟುತ್ತಿದೆಯೇ ಎಂದು ಮೊದಲು ದಂಡೆಯಲ್ಲಿ ನಿಂತು ನೋಡಿ. ಆ ಡಬ್ಬಿಯವನು ಮತ್ತೆ ಬಂದರೆ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಬರೆದುಕೊಡಲು ಹೇಳಿ.